ಬಾತುಮರಿಗಳಿಗೆ ಹೊಲಿದ ಹಾಸು

ಅತ್ತೆ ಆರು ಬಾತುಮರಿಗಳನ್ನು ಬುಟ್ಟಿಯಲ್ಲಿ ತಂದು ಅಪ್ಪನ ಕಟಿಂಗ್ ಟೇಬಲ್ ಮೇಲೆ ಇಟ್ಟಳು. ಅಪ್ಪ ಮೊದಲು ಬಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡ, ಆಮೇಲೆ ಬುಟ್ಟಿಯ ಕಡೆ ನೋಡಿದ.

“ಅಮ್ಮನಿಗೆ ಹೊತ್ತು ಹೋಗ್ಲಿ ಅಂತ ತಂದೆ ಕಣೋ,” ಎಂದಳು ಅತ್ತೆ. “ಮಲಗಿದಲ್ಲೇ ಎಲ್ಲರನ್ನೂ ಬಯ್ತಾಳೆ. ಇನ್ಮೇಲೆ ಇವನ್ನ ಬಯ್ಲಿ.”

ನಮ್ಮದು ಮುಂದೆ ಹೊಲಿಗೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ಅಜ್ಜಿಯ ಮಂಚ, ಅದರ ಬುಡದಲ್ಲಿ ನನ್ನ ಜಾಗ. ಶಾಲೆ ಬಿಟ್ಟ ಮೇಲೆ ಗುಂಡಿ, ಕಾಜ, ಅಂಚು ಮಡಿಸುವುದು ನನ್ನ ಕೆಲಸ. ಗಿರಾಕಿ ಬಂದರೆ ಅಪ್ಪ ಟೇಪು ಹಿಡಿದು ಅಳತೆ ಕೂಗುತ್ತಾನೆ, ನಾನು ಪರದೆಯ ಹಿಂದೆ ಕೂತು ಅದನ್ನು ಬಟ್ಟೆಯ ಮೂಲೆಗೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಎಷ್ಟೋ ಗಿರಾಕಿಗಳಿಗೆ ನನ್ನ ಮುಖವೇ ಗೊತ್ತಿಲ್ಲ. “ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ನೀನು ಸುಗ್ಗಿಯಲ್ಲೇ ಉಪವಾಸ ಬೀಳ್ತೀಯ,” ಎನ್ನುತ್ತಾಳೆ ಅಜ್ಜಿ.

ಅಜ್ಜಿ ಚಿಕ್ಕಂದಿನಲ್ಲಿ ಬಾತು ಸಾಕಿದವಳು. ಮಂಚದ ಮೇಲಿಂದಲೇ ಅವಳ ಆಡಳಿತ ಶುರುವಾಯಿತು. ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಮೂಲೆಗೆ ಬಲ್ಬು. ಮರಿಗಳು ಒಂದರ ಮೇಲೊಂದು ಬಿದ್ದುಕೊಂಡರೆ ಚಳಿ; ಬಲ್ಬಿನಿಂದ ದೂರ ಸರಿದು ಬಾಯಿ ತೆರೆದರೆ ಸೆಕೆ; ಕಾಲು ಚಾಚಿ ಅಲ್ಲಲ್ಲಿ ಮಲಗಿದರೆ ಸರಿ. ನುಚ್ಚನ್ನು ನೆನೆಸಿಯೇ ಕೊಡಬೇಕು, ಪಕ್ಕದಲ್ಲೇ ನೀರಿರಬೇಕು. ಬಟ್ಟಲು ಮೂಗು ಅದ್ದುವಷ್ಟು ಆಳವಿರಬೇಕು, ಆದರೆ ಮರಿ ಒಳಗಿಳಿಯದಂತೆ ಕಲ್ಲು ತುಂಬಿರಬೇಕು.

“ಬಾತು ನೀರಿಗಿಳೀಬಾರದಾ?” ಅಪ್ಪ ನಕ್ಕ. “ಮೀನಿನ ಮರಿಗೆ ಈಜು ಕಲಿಸ್ಬೇಕಾ ಅಂತ ನೀನೇ ಹೇಳ್ತಿದ್ದೆ.”

“ಮೀನಿಗೆ ತುಪ್ಪಳ ಇದ್ಯೇನೋ? ತಾಯಿ ಬಾತಿನ ಮೈ ಕೆಳಗಿದ್ರೆ ಅದರ ಎಣ್ಣೆ ಮರಿಗೆ ಹತ್ತುತ್ತೆ. ಇವಕ್ಕೆ ತಾಯಿ ಎಲ್ಲಿದ್ದಾಳೆ? ನೆನೆದ್ರೆ ನಡುಗಿ ಸಾಯ್ತವೆ. ಗರಿ ಬರೋ ತನಕ ನೀರು ಕುಡಿಯೋಕೆ ಮಾತ್ರ.”

ಮೊದಲು ಪೇಪರ್ ಹಾಸಿದ್ದೆವು. ಮರಿಗಳ ಕಾಲು ಜಾರಿ ಎರಡು ದಿಕ್ಕಿಗೆ ಹೋಗುತ್ತಿತ್ತು. ಹಾಗೇ ಬಿಟ್ಟರೆ ಕಾಲು ಸೊಟ್ಟವಾಗುತ್ತದೆ, ಗೋಣಿ ಹಾಸು ಎಂದಳು ಅಜ್ಜಿ.

“ಟೈಲರ್ ಮನೇಲಿ ಗೋಣಿಯಾ?” ಎಂದ ಅಪ್ಪ. ಶಾಲೆಯ ಯೂನಿಫಾರಂನಲ್ಲಿ ಉಳಿದಿದ್ದ ಕಡುನೀಲಿ ಬಟ್ಟೆಯ ತುಂಡುಗಳನ್ನು ಜೋಡಿಸಿ, ನಾಲ್ಕೂ ಅಂಚು ಮಡಿಸಿ ಒಂದು ಹಾಸು ಹೊಲಿದ. ಅಪ್ಪನ ಹೊಲಿಗೆ ಎಂದರೆ ಗೆರೆ ಎಳೆದ ಹಾಗೆ. ಊರಲ್ಲಿ ಎಲ್ಲರೂ ಹೇಳುವ ಮಾತು ಅದು.

“ಒಂದು ಎಳೆ ಆಚೆ ಬರಲ್ಲ, ನೋಡಮ್ಮ.”

“ನನ್ನ ಮಂಚಕ್ಕೆ ಇಂಥದ್ದು ಹೊಲಿಲಿಲ್ಲ ನನ್ನ ಮಗ,” ಎಂದಳು ಅಜ್ಜಿ.

ಮರಿಗಳು ಆ ಹಾಸಿನ ಮೇಲೆ ಗಟ್ಟಿಯಾಗಿ ನಿಂತವು. ಎಲ್ಲಕ್ಕಿಂತ ಚಿಕ್ಕದು ಯಾವಾಗಲೂ ಉಳಿದವುಗಳ ಹಿಂದೆ ಓಡುತ್ತಿದ್ದುದರಿಂದ ಅದಕ್ಕೆ ಬಾಲಂಗೋಚಿ ಎಂದು ಹೆಸರಾಯಿತು. ಅಪ್ಪ ಹೊಲಿಗೆ ನಿಲ್ಲಿಸಿದಾಗಲೆಲ್ಲ ಬಂದು ಪೆಟ್ಟಿಗೆಯೊಳಗೆ ಮುಖವನ್ನೇ ಇಟ್ಟು ನೋಡುತ್ತಿದ್ದ. ಪ್ರೀತಿ ಎಂದುಕೊಂಡಿದ್ದೆ. ಈಚೆಗೆ ಸೂಜಿಗೆ ದಾರ ಪೋಣಿಸುವುದನ್ನೂ ನನಗೇ ಬಿಟ್ಟಿದ್ದ. “ನಿನಗೂ ಕೈ ಪಳಗಲಿ,” ಎನ್ನುತ್ತಿದ್ದ. ಅದನ್ನೂ ನಂಬಿದ್ದೆ.

ಒಂದು ಬೆಳಿಗ್ಗೆ ಬಾಲಂಗೋಚಿ ಮೂಲೆಯಲ್ಲಿ ಕತ್ತು ಚಾಚಿ ಮಲಗಿತ್ತು. ಅಪ್ಪ ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಅದು ಎರಡು ಸಲ ಬಾಯಿ ತೆರೆಯಿತು, ಆಮೇಲೆ ತೆರೆಯಲಿಲ್ಲ.

“ಏನಾಯ್ತು ಇದಕ್ಕೆ? ನಿನ್ನೆ ಚೆನ್ನಾಗಿತ್ತಲ್ಲ?”

ಮರಿಯ ಕೊಕ್ಕಿನಿಂದ ಒಂದು ನೀಲಿ ಎಳೆ ಇಳಿದು ಅಪ್ಪನ ಹೆಬ್ಬೆರಳಿನ ಮೇಲೆ ಬಿದ್ದಿತ್ತು. ಉಳಿದದ್ದು ಹೊಟ್ಟೆಯೊಳಗೆ ಹೋಗಿತ್ತು. ಅಪ್ಪ ಅದನ್ನೇ ದಿಟ್ಟಿಸುತ್ತಿದ್ದ. ಮತ್ತೆ ಕೇಳಿದ, “ಏನಾಗಿರಬಹುದು?”

ನಾನು ಅಜ್ಜಿಯನ್ನು ನೋಡಿದೆ. ಅವಳಿಗೂ ಎಳೆ ಕಂಡಿತ್ತು. ಯಾರಿಗೂ ಹೆದರದ ಅವಳು ಗೋಡೆಯ ಕಡೆ ಮಗ್ಗುಲಾದಳು.

“ಬಲ್ಬು,” ಎಂದ ಅಪ್ಪ ಕೊನೆಗೆ. “ಬಿಸಿ ಜಾಸ್ತಿಯಾಗಿದೆ.” ವೈರನ್ನು ಮೇಲಕ್ಕೆಳೆದು ಬಲ್ಬನ್ನು ಎತ್ತರದ ಮೊಳೆಗೆ ಸಿಕ್ಕಿಸಿ ಅಂಗಡಿಗೆ ಹೋದ.

ನಾನು ಹಾಸನ್ನು ತೆಗೆದು ನೋಡಿದೆ. ಮೂರು ಅಂಚು ಹೇಗೋ ಸರಿಯಿದ್ದವು. ನಾಲ್ಕನೆಯದರಲ್ಲಿ ಹೊಲಿಗೆ ಮೆಲ್ಲಗೆ ವಾಲುತ್ತಾ ಹೋಗಿ, ಬಟ್ಟೆಯನ್ನೇ ಬಿಟ್ಟು, ಗೇಣುದ್ದ ದಾರಿ ತಪ್ಪಿ, ಮತ್ತೆ ಬಂದು ಸೇರಿತ್ತು. ಆ ಗೇಣಿನಲ್ಲಿ ಬಟ್ಟೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ನನ್ನ ಹೊಲಿಗೆ ಹಾಗೆ ಬಂದಿದ್ದರೆ ಅಪ್ಪ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದ.

ಹಾಸನ್ನು ಮಡಚಿ ಮಂಚದ ಕೆಳಗೆ ತಳ್ಳಿ, ಗೋಣಿ ಹಾಸಿದೆ. ಮಾತಿಲ್ಲದೆ ಮುಗಿಯಿತು ಎಂದುಕೊಂಡೆ. ಆದರೆ ಐದೂ ಮರಿಗಳು ಒಂದರ ಮೇಲೊಂದು ಹತ್ತಿ ಚೀರತೊಡಗಿದವು. ಅಡಿಯಲ್ಲಿದ್ದದ್ದು ಉಸಿರಿಗೆ ಒದ್ದಾಡುತ್ತಿತ್ತು. ನಾನು ಬಲ್ಬು ಇಳಿಸಿದೆ. ಅಪ್ಪ ಬಂದು ಮತ್ತೆ ಏರಿಸಿದ.

“ಒಂದನ್ನ ಸುಟ್ಟಿದ್ದು ಸಾಲದಾ?” ಎಂದ. ಅಪ್ಪ ನನ್ನನ್ನು ಗದರಿದ್ದೇ ಕಡಿಮೆ.

“ಚಳಿಯಾಗ್ತಿದೆ ಅವಕ್ಕೆ,” ಎಂದೆ.

“ಆಮೇಲೆ ಸರಿಹೋಗ್ತವೆ.”

ಅಜ್ಜಿ ಗೋಡೆಯನ್ನೇ ನೋಡುತ್ತಿದ್ದಳು. ಮರಿಗಳ ಚೀರಾಟ ಸಣ್ಣದಾಗುತ್ತಾ ಬಂತು. ಅದೇ ಕೆಟ್ಟದ್ದು ಎಂದು ಅವಳೇ ಕಲಿಸಿದ್ದಳು.

“ಬಲ್ಬಲ್ಲ ಅಪ್ಪ. ದಾರ.”

“ಯಾವ ದಾರ?”

ಮಂಚದ ಕೆಳಗಿಂದ ಹಾಸನ್ನು ತೆಗೆದು, ಅಪ್ಪನ ತೋರುಬೆರಳನ್ನು ಹಿಡಿದು ನಾಲ್ಕನೆಯ ಅಂಚಿನ ಮೇಲಿಟ್ಟೆ. ಬೆರಳು ಹೊಲಿಗೆಯ ಮೇಲೆ ತಾನೇ ಸರಿಯಿತು. ಬಟ್ಟೆ ತಪ್ಪಿದ ಕಡೆ ನಿಂತಿತು. ಹಿಂದಕ್ಕೆ ಬಂತು, ಮತ್ತೆ ಹೋಯಿತು, ಮತ್ತೆ ಅಲ್ಲೇ ನಿಂತಿತು.

ಅಪ್ಪ ಮೊಳೆಯಿಂದ ಬಲ್ಬನ್ನು ತಡಕಿ ಬಿಚ್ಚಿ ಕೆಳಗಿಳಿಸಿದ. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ.

“ಹೊಲಿಗೆ ತಪ್ಪಿದ್ರೆ ಮಿಷನ್ ಸದ್ದಲ್ಲೇ ಗೊತ್ತಾಗುತ್ತೆ ಅಂದುಕೊಂಡಿದ್ದೆ,” ಎಂದ. “ನೀಲಿ, ಕಪ್ಪು ಬಟ್ಟೆ ಬಂದರೆ ಏನೂ ಕಾಣಲ್ಲ. ಬಿಳೀದು ಪರವಾಗಿಲ್ಲ.”

“ನಂಗೊತ್ತಿತ್ತು ಕಣೋ,” ಎಂದಳು ಅಜ್ಜಿ ಗೋಡೆಗೇ. “ಮುಂದಿಟ್ಟ ಚಹಾದ ಲೋಟನ ನೀನು ತಡಕಾಡುವಾಗಲೇ ಗೊತ್ತಿತ್ತು. ಹೆತ್ತವಳ ಬಾಯಲ್ಲಿ ಆ ಮಾತು ಹೇಗೆ ಬರುತ್ತೆ ಹೇಳು?”

ಮರಿಗಳು ಒಂದೊಂದಾಗಿ ಗುಂಪಿನಿಂದ ಬಿಡಿಸಿಕೊಂಡು ಬೆಳಕಿನ ಕೆಳಗೆ ಕಾಲು ಚಾಚಿದವು. ಅಡಿಯಲ್ಲಿದ್ದದ್ದು ಕೊನೆಗೆ ಎದ್ದು ನೀರಿಗೆ ಕೊಕ್ಕು ಅದ್ದಿತು.

“ಕಣ್ಣಿನ ಡಾಕ್ಟರ ಹತ್ರ ಹೋಗೋಣ,” ಎಂದೆ.

“ಹೋಗೋಣ. ಸರಿ ಮಾಡೋಕೆ ಆಗುತ್ತೋ ಇಲ್ವೋ.”

ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕರೆದರು. ಆಸ್ಪತ್ರೆಯ ನರ್ಸು, ಹೊಸ ಯೂನಿಫಾರಂ ಹೊಲಿಸಲು ಬಂದಿದ್ದಳು. ಅವಳ ತೋಳಿನ ಮೇಲೆ ಕಡುನೀಲಿ ಬಟ್ಟೆಯಿತ್ತು. ಅಪ್ಪ ಎದ್ದು ಪರದೆಯ ತನಕ ಹೋಗಿ ನಿಂತ. ಕೊರಳಲ್ಲಿದ್ದ ಟೇಪನ್ನು ತೆಗೆದು ಹಿಂದಕ್ಕೆ, ನನ್ನ ಕಡೆಗೆ ಚಾಚಿದ.

“ಅಳತೆ ನನ್ನ ಮಗಳು ತಗೋತಾಳಮ್ಮ.”

“ನಿಮಗೆ ಮಗಳಿದ್ದಾಳಾ?” ಎಂದಳು ನರ್ಸು.

“ಇದ್ದಾಳೆ,” ಎಂದಳು ಅಜ್ಜಿ ಒಳಗಿಂದ. “ಮಾತಾಡಲ್ಲ ಅಷ್ಟೆ.”

ಟೇಪಿನಲ್ಲಿ ಅಪ್ಪನ ಕೊರಳಿನ ಬಿಸಿ ಇನ್ನೂ ಇತ್ತು. ನರ್ಸು ಕೈ ಅಗಲಿಸಿ ನಿಂತಳು. ಅಪ್ಪ ನನ್ನ ಜಾಗದಲ್ಲಿ, ಪರದೆಯ ಹಿಂದೆ, ಅವಳ ಬಟ್ಟೆ ಮತ್ತು ಸೀಮೆಸುಣ್ಣ ಹಿಡಿದು ಕೂತ. ನಾನು ಭುಜದ ಅಳತೆ ಹಿಡಿದು ಹೇಳಿದೆ.

“ಕೇಳಿಸ್ಲಿಲ್ಲ,” ಎಂದ ಅಪ್ಪ.

ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ. ನೀಲಿ ಬಟ್ಟೆಯ ಮೂಲೆಯಲ್ಲಿ ಅಪ್ಪ ಅದನ್ನು ದೊಡ್ಡದಾಗಿ ಬರೆದುಕೊಂಡ.