ಸತ್ತವಳ ನಗು

ಪರ್ತಿನ ಸದರ್ನ್ ರಿವರ್ ಬಡಾವಣೆಯಲ್ಲಿ ಉದಯಶಂಕರನ ಗ್ಯಾರೇಜೇ ಅವನ ಕೇಟರಿಂಗಿನ ಅಡುಗೆಮನೆ. ಕಿಟಕಿಯಿಲ್ಲ, ಫ್ಯಾನಿಲ್ಲ. ಬೆಳಿಗ್ಗೆ ಐದರಿಂದ ನಿಂತು ನಿಂತು ನಿಲಾರಳ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅದನ್ನೆಲ್ಲ ಅವಳು ಸಹಿಸಿಕೊಂಡಿದ್ದಳು. ಆದರೆ ಈಗ ಅವನು ಮುಖಕ್ಕೆ ಹಿಡಿದ ಫೋನಿನಲ್ಲಿ ಅವಳೇ ನಗುತ್ತಿದ್ದಳು.

"ನೋಡು, ಬರ್ಮಾ ಹುಡುಗಿ ಕೈಯ ಅಕ್ಕಿರೊಟ್ಟಿ! ನಿನ್ನೆ ಮಧ್ಯಾಹ್ನ ಹಾಕ್ದೆ. ಬ್ರಿಸ್ಬೇನ್, ಅಡಿಲೇಡ್‌ನೋರೆಲ್ಲ ಶೇರ್ ಮಾಡ್ತಿದಾರೆ. ಸ್ಟಾರ್ ಆಗ್ಬಿಟ್ಟೆ ಕಣೆ!"

"ತೆಗೀರಿ ಅಂಕಲ್. ಪ್ಲೀಸ್."

"ಯಾಕೆ? ಚೆನ್ನಾಗೇ ಕಾಣ್ತಿದೀಯ."

"ಊರಲ್ಲಿ ನಾನು ಸತ್ತಿದೀನಿ."

ಉದಯಶಂಕರ ನಕ್ಕ. ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದ ಶಿವಮ್ಮ ನಗಲಿಲ್ಲ. ನಿಲಾರಳಿಗೆ ಕನ್ನಡ ಕಲಿಸಿದವಳು ಅವಳೇ; ಅವಳಿಗೆ ಎಲ್ಲ ಗೊತ್ತಿತ್ತು.

ಸೈನ್ಯದ ಆಳ್ವಿಕೆಯ ವಿರುದ್ಧ ಮೆರವಣಿಗೆ ಹೋದವಳನ್ನು ಹುಡುಕಿಕೊಂಡು ಸಿಪಾಯಿಗಳು ಮಂಡಾಲೆಯ ಮನೆಗೆ ಬರುತ್ತಲೇ ಇದ್ದರು. ನಿಲಾರ್ ಗಡಿ ದಾಟಿದ ವಾರ, ಮಗಳು ನದಿ ಪಾಲಾದಳೆಂದು ತಾಯಿ ಠಾಣೆಯಲ್ಲಿ ಬರೆಸಿಬಿಟ್ಟಳು. ಏಳನೆಯ ದಿನ ಭಿಕ್ಷುಗಳನ್ನು ಕರೆದು ಉಣಬಡಿಸಿ, ಬೀದಿಯೆಲ್ಲ ಕೇಳುವಂತೆ ಅತ್ತಳು. ಬುದ್ಧನೆದುರು ಸುಳ್ಳು ಕಣ್ಣೀರು ಹಾಕಿದ ಪಾಪ ಆ ತಾಯಿಯದು. ಮಗಳ ಜೀವ ಉಳಿದಿದ್ದು ಆ ಸುಳ್ಳಿನಿಂದ. ಈ ನಗು ಸಿಪಾಯಿಗಳ ಕಣ್ಣಿಗೆ ಬಿದ್ದರೆ ಅಮ್ಮನನ್ನು ಎಳೆದೊಯ್ಯುತ್ತಾರೆ. ನಿಲಾರ್ ಅದನ್ನೂ ಅವನಿಗೆ ಹೇಳಿದಳು.

"ಸಿಪಾಯಿಗಳು ಅಕ್ಕಿರೊಟ್ಟಿ ವಿಡಿಯೋ ನೋಡ್ತಾರಾ? ಸುಮ್ನೆ ತಟ್ಟು. ಜಾಸ್ತಿ ಮಾತಾಡಿದ್ರೆ ನಿಮ್ಮ ಎಂಬಸಿಗೆ ನಾನೇ ಕಳಿಸ್ತೀನಿ."

ಶಿವಮ್ಮ ಒಲೆ ಆರಿಸಿದಳು.

"ಏನಮ್ಮಾ ಇದು? ಹನ್ನೊಂದಕ್ಕೆ ಗೃಹಪ್ರವೇಶದ ಊಟ ಹೋಗ್ಬೇಕು!"

"ಅದ್ನ ಅಳ್ಸಪ್ಪ. ಅಳ್ಸಗಂಟ ಒಲೆ ಹಚ್ಚಾಕಿಲ್ಲ."

"ನಿನ್ನ ವೀಸಾ ಎಂಥದ್ದು, ನೆನಪಿದೆ ತಾನೆ?"

"ನೆಪ್ಪೈತೆ. ಮಗಳ ಬಾಣಂತನಕ್ಕೆ ಬಂದೋಳ್ನ ನೀನು ಇಲ್ಲಿ ಕೆಲ್ಸಕ್ಕೆ ನಿಲ್ಸ್ಕಂಡಿರೋದೂ ನೆಪ್ಪೈತೆ. ಇಬ್ರೂ ವೀಸಾ ಆಫೀಸಿಗೋಗಿ ಹೇಳನ ನಡಿ."

ಮೂಲೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ ವಿದ್ಯಾರ್ಥಿನಿ ರಂಜನಿ ಚಾಕು ಕೆಳಗಿಟ್ಟಳು. "ನಾನೂ ಬರ್ತೀನಿ ಆಂಟಿ," ಅಂದಳು.

ಉದಯಶಂಕರ ಗಡಿಯಾರ ನೋಡಿದ. ಬೈದುಕೊಂಡೇ ಹೆಬ್ಬೆರಳು ಒತ್ತಿದ. ವಿಡಿಯೋ ಹೋಯಿತು.

"ಆಯ್ತಲ್ಲ? ಹಚ್ಚಿ ಈಗ!"

ಯಾರೂ ಹಚ್ಚಲಿಲ್ಲ. ಊರಲ್ಲಿ ಅಮ್ಮ ಬಚ್ಚಿಟ್ಟುಕೊಂಡಿದ್ದ ಫೋನಿಗೆ ನಿಲಾರ್ ಕರೆ ಮಾಡಿದಳು. ಶಿವಮ್ಮ ಹಿಟ್ಟಿನ ಕೈಯಲ್ಲೇ ಅವಳ ಭುಜ ಹಿಡಿದಳು. ಒಂದು ರಿಂಗು. ಎರಡು. ಮೂರನೆಯದಕ್ಕೆ ಯಾರೋ ಎತ್ತಿದರು.

ಅಮ್ಮನಲ್ಲ, ಗುರುತಿಲ್ಲದ ಗಂಡಸಿನ ದನಿ. ಮೆತ್ತಗೆ, ಮರ್ಯಾದೆಯಿಂದ, ಅವಳ ಹೆಸರು ಹಿಡಿದು ಕರೆಯಿತು.

"ಹಚ್ಚಿ ಅಂದ್ನಲ್ಲ!" ಉದಯಶಂಕರ ಕೂಗುತ್ತಲೇ ಇದ್ದ.