ಸವಳಗಿಡದ ಗಡಿ

ಬೆಳಿಗ್ಗೆ ಆರು ಗಂಟೆಗೆ ಅಂದಾನಪ್ಪ ತನ್ನ ಹೊಲದಲ್ಲೇ ಕಳ್ಳನಂತೆ ಬಗ್ಗಿ ಸವಳಗಿಡ ಕೀಳುತ್ತಿದ್ದ.

ಎರೆಸೀಮೆಯ ಮಾಗಡಿಯಲ್ಲಿ ಆ ಹೊಲದ ಅಂಚಿಗೆ ಆಡುಗಳೊಂದಿಗೆ ನಿಂತಿದ್ದ ಸಿದ್ದಲಿಂಗವ್ವ ಅದನ್ನು ನೋಡಿದಳು. ಅಂದಾನಪ್ಪ ಅವಳ ಸತ್ತ ಗಂಡನ ಅಣ್ಣ. ಇಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಸವಳಗಿಡ ಮೊಣಕಾಲೆತ್ತರದ ಕುರುಚಲು. ಎಲೆ ದಪ್ಪ, ಬಾಯಿಗಿಟ್ಟರೆ ಉಪ್ಪು. ಬಿಳಿ ಪದರ ಕಟ್ಟಿದ ಸವಳು ನೆಲದಲ್ಲಷ್ಟೇ ಹುಟ್ಟುತ್ತದೆ. ಹಸನಾದ ಎರೆ ಮಣ್ಣಿನಲ್ಲಿ ಬೀಜ ಚೆಲ್ಲಿದರೂ ಏಳುವುದಿಲ್ಲ. ಸುತ್ತಿನ ನಾಲ್ಕಾರು ಊರು ದಾಟಿದರೆ ಅದನ್ನು ಕಂಡವರಿಲ್ಲ. ಆಡುಗಳಿಗೆ ಮಾತ್ರ ಅದು ಹಬ್ಬದೂಟ.

ಅಣ್ಣತಮ್ಮಂದಿರ ಹೊಲ ಪಾಲಾದಾಗ ಊರ ಹಿರಿಯ ಸಕ್ರಪ್ಪ ನೇರ ಬದು ಹಾಕಿಸಲು ಹೊರಟಿದ್ದ. ಒಂದು ಬೊಗಸೆ ಸವಳೂ ತನ್ನ ಪಾಲಿಗೆ ಬರಕೂಡದೆಂದು ಅಂದಾನಪ್ಪ ಹಟ ಹಿಡಿದ. "ಗಿಡ ಎಲ್ಲಿತನಕ ಐತಿ ಅಲ್ಲಿತನಕ ತಮ್ಮಗ. ಅದರಾಚಿ ನನಗ," ಎಂದದ್ದು ಅವನೇ. ಸಕ್ರಪ್ಪ ಇಬ್ಬರಿಂದಲೂ ದೇವರ ಭಂಡಾರ ಮುಟ್ಟಿಸಿ ಆಣೆ ಮಾಡಿಸಿ ಆ ಮಾತನ್ನು ಗಟ್ಟಿ ಮಾಡಿದ.

ಆಮೇಲೆ ಅಂದಾನಪ್ಪ ಬೋರು ಕೊರೆಸಿದ. ಮೆಣಸಿನಗಿಡಕ್ಕೆ ಕರೆಂಟು ಇದ್ದಷ್ಟು ಹೊತ್ತೂ ನೀರು ಬಿಟ್ಟ. ನೀರು ನಿಂತಲ್ಲೆಲ್ಲ ನೆಲದಡಿಯ ಉಪ್ಪು ಮೇಲೆದ್ದು ಬಂತು, ಅದರ ಬೆನ್ನಿಗೆ ಗಿಡವೂ ಬಂತು. ವರ್ಷವರ್ಷ ಸಾಲು ನುಂಗುತ್ತಾ ಬಂದದ್ದು ಈ ಸಲ ಬೋರನ್ನೂ ದಾಟಿತ್ತು. ಸಿದ್ದಲಿಂಗವ್ವ ಇಷ್ಟು ದಿನ ತುಟಿ ಬಿಚ್ಚದೆ ಕಾದದ್ದು ಅದಕ್ಕೇ.

"ಭಾವಾರ, ನನ್ನ ಆಡಿನ ಮೇವು ಯಾಕ ಕೀಳಾಕತ್ತೀರಿ?"

ಅಂದಾನಪ್ಪ ತಲೆ ಎತ್ತಲಿಲ್ಲ. "ನನ್ನ ಹೊಲದಾಗಿನ ಕಸ ಕೀಳಾಕ ನಿನ್ನ ಕೇಳಬೇಕೇನು?"

"ಕಸ ಅಲ್ರಿ, ಗಡಿ. ನೀವ ಹಾಕಿದ್ದು."

"ಬೋರಿನ ಮ್ಯಾಲೆ ಕಣ್ಣು ಬಿದ್ದೈತಿ ನಿನಗ. ಕೊರಸೂ ದಿನ ಎಲ್ಲಿ ಸತ್ತಿದ್ದಿ?"

"ಅವತ್ತು ಸತ್ತವರು ನಿಮ್ಮ ತಮ್ಮ. ನಾ ಮಣ್ಣು ಹಾಕಾಕ ಹೋಗಿದ್ದೆ. ನೀವು ಬೋರಿನ ಗಾಡಿ ಮುಂದ ನಿಂತಿದ್ರಿ."

ಅಂದಾನಪ್ಪ ಇನ್ನೊಂದು ಗಿಡ ಕಿತ್ತೆಸೆದ.

ಬಿಸಿಲೇರುವ ಹೊತ್ತಿಗೆ ಅವಳು ಸಕ್ರಪ್ಪನನ್ನು ಕರೆತಂದಳು. ಬೋರಿನ ಸುತ್ತ ಒಂದು ಎಲೆಯೂ ಉಳಿದಿರಲಿಲ್ಲ.

"ಗಿಡ ತೋರಸ್ರಿ ಸಕ್ರಪ್ಪಣ್ಣ, ಬೋರು ಬಿಟ್ಟಕೊಡ್ತೀನಿ," ಎಂದ ಅಂದಾನಪ್ಪ.

ಸಕ್ರಪ್ಪ ಬಿಳಿ ನೆಲವನ್ನು ಕೋಲಿನಿಂದ ಕೆದರಿದ. "ಕೂದಲ ಬೋಳಿಸಿದ್ರ ತಲಿ ಹೋಗತೈತೇನಲೇ?" ಎಂದು ನಕ್ಕ. ನಂತರ ಸಿದ್ದಲಿಂಗವ್ವನ ಕಡೆ ತಿರುಗಿದ. "ಆದ್ರ ಮಾತು ಆಡಿದ್ದು ಗಿಡದ್ದು ತಂಗಿ. ಇವತ್ತು ಗಿಡ ಇಲ್ಲ. ಅಮಾಸಿಗೆ ಬಂದು ನೋಡ್ತೀನಿ. ಅಲ್ಲಿತನಕ ಬೋರಿನ ಸುತ್ತ ಇಬ್ರೂ ಕಾಲಿಡಬ್ಯಾಡ್ರಿ."

"ನನ್ನ ಮೆಣಸಿನಗಿಡಕ್ಕ ನೀರು?"

"ನಿನ್ನ ಗುಡಸಲಾಗ ನಿಂತು ಮೋಟಾರಿನ ಗುಂಡಿ ಒತ್ತು. ನೀರಿಗೆ ನೀ ದಾರಿ ತೋರಸಬೇಕೇನು?"

ಅಂದಾನಪ್ಪ ಕಿತ್ತದ್ದು ಮೇಲಿನ ಗಿಡವನ್ನಷ್ಟೇ. ಬೇರು ತುಂಡಾಗಿ ಒಳಗೇ ಉಳಿದಿತ್ತು. ಅದು ಅವನಿಗೂ ಗೊತ್ತಿತ್ತು. ನೀರು ಬಿಟ್ಟರೆ ಬೋರಿನ ಬುಡ ನೆನೆದು ಬೇರು ಚಿಗುರುತ್ತದೆ, ಬಿಡದಿದ್ದರೆ ಹೂ ಹಿಡಿದ ಮೆಣಸಿನಗಿಡ ಒಣಗುತ್ತದೆ. ಒಂದು ವಾರ ಹಲ್ಲು ಕಚ್ಚಿಕೊಂಡಿದ್ದ. ಎಲೆ ಬಾಡತೊಡಗಿದಾಗ ಗುಂಡಿ ಒತ್ತಿದ.

ಅಮಾವಾಸ್ಯೆಗೆ ಸಕ್ರಪ್ಪ ಬಂದಾಗ ಬೋರಿನ ಸುತ್ತ ಸವಳಗಿಡ ಗೇಣುದ್ದ ಎದ್ದಿತ್ತು. ಅವನು ಬೋರಿನಾಚೆ ಗಡಿಕಲ್ಲು ನೆಡಿಸಿದ. "ನೀ ಆಡಿದ ಮಾತು, ನೀ ಬಿಟ್ಟ ನೀರು. ನನ್ನದೇನೈತಿ ಇದರಾಗ?" ಎಂದ.

"ನೀರು ಬೇಕಾದ್ರ ಕೇಳ್ರಿ ಭಾವಾರ," ಎಂದಳು ಸಿದ್ದಲಿಂಗವ್ವ.

"ನಿನ್ನ ಕೇಳೂದಕ್ಕಿಂತ ಒಣಗಲಿ."

ಮರುದಿನ ಅವಳು ಆಡು ಹೊಡೆದುಕೊಂಡು ಬಂದಾಗ ಮೋಟಾರೂ ಪೈಪೂ ಇರಲಿಲ್ಲ. ಬೋರಿನೊಳಗೆ ಬಾಯಿತನಕ ಕಲ್ಲು ತುಂಬಿತ್ತು.