ಏಳು ಮನೆಯ ತುಂಡು

ಏಳನೆಯ ತುಂಡನ್ನು ಸೂಜಿಯ ಕೆಳಗೆ ಇಟ್ಟ ಉಲ್ಕಾನ್ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದುಬಿಟ್ಟಳು.

"ಏನಂದೆ?"

"ಇವೆಲ್ಲ ಕಾಮಾಲೆಗೆ ಅಂತ ಕೊಟ್ಟಿದ್ದಲ್ವಾ ಅಜ್ಜಿ?" ಮೇಜಿನ ಕೆಳಗೆ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರ್ಪಡಿಸುತ್ತಿದ್ದ ಮೇರಿಮ್ ತಲೆಯೆತ್ತದೆ ಕೇಳಿದಳು. "ನಂಗೆ ಕಾಮಾಲೆ ಇಲ್ವಲ್ಲ. ಹೆದರಿಕೆಗೂ ಕೆಲಸ ಮಾಡುತ್ತಾ?"

ಎಂಟು ವರ್ಷದ ಮೊಮ್ಮಗಳ ಪ್ರಶ್ನೆಗೆ ಅರವತ್ತೆರಡರ ಅಜ್ಜಿ ಸೂಜಿಯ ಕೆಳಗಿನ ಬಟ್ಟೆಯನ್ನು ಹೊರಗೆಳೆದಳು.

ಕೋಚ್ಕೋರ್ ಊರಿನಲ್ಲಿ ಸೈಕಾಲ್ ನಡೆಸುವ ಈ ಹೊಲಿಗೆ ಮನೆಯ ಹೆಸರು 'ತಿಂಚ್'. ನೆಮ್ಮದಿ ಎಂದರ್ಥ. ಮನೆಮನೆಯಿಂದ ಹಳೆಯ ಬಟ್ಟೆ ತಂದು, ಒಗೆದು, ಕತ್ತರಿಸಿ, ತುಂಡಿಗೆ ತುಂಡು ಜೋಡಿಸಿ ಮಕ್ಕಳ ಕೋಟು ಹೊಲಿಯುತ್ತಾರೆ. ನಮ್ಮ ಅಜ್ಜಿಯರು ಮಾಡುತ್ತಿದ್ದ ಕುರಾಕ್ ಕೆಲಸವೇ ಇದು. ಈಗ ರಾಜಧಾನಿ ಬಿಷ್ಕೆಕ್ಕಿನ ಅಂಗಡಿಗಳಲ್ಲಿ ಗಾಜಿನ ಹಿಂದೆ ನೇತಾಡುತ್ತದೆ, ಅಷ್ಟೇ ವ್ಯತ್ಯಾಸ. ಅದರ ಗಳಿಕೆಯಲ್ಲೇ ಪ್ರತಿ ಗುರುವಾರ ಬಿಷ್ಕೆಕ್ಕಿನಿಂದ ಒಬ್ಬ ಮನೋವೈದ್ಯೆ ಬಂದು ಶಾಲೆಯ ಪಕ್ಕದ ಕೋಣೆಯಲ್ಲಿ ಮಕ್ಕಳ ಮಾತು ಕೇಳುತ್ತಾಳೆ. ಪ್ರತಿ ಕೋಟಿನ ಜೇಬಿನಲ್ಲೂ ಒಂದು ಚೀಟಿ ಇರುತ್ತದೆ: 'ಮನಸ್ಸಿಗೂ ಜ್ವರ ಬರುತ್ತದೆ. ಹೇಳಿಕೊಂಡರೆ ಇಳಿಯುತ್ತದೆ.' ಆ ಚೀಟಿಗಳನ್ನು ತನ್ನ ಕೈಯಾರೆ ಜೇಬಿಗೆ ಸೇರಿಸುವವಳು ಉಲ್ಕಾನ್.

ಕೋಣೆಯ ಹೊರಗೆ ಪೋಷಕರಿಗೆಂದು ಸೈಕಾಲ್ ನೀಲಿ ಬಣ್ಣದ ಬೆಂಚು ಹಾಕಿಸಿದ್ದಳು. ಅದು ಸಂತೆ ರಸ್ತೆಗೆ ಮುಖ ಮಾಡಿತ್ತು, ಹಾಗಾಗಿ ಒಂದು ವರ್ಷದಲ್ಲಿ ಅದರ ಮೇಲೆ ಒಬ್ಬರೂ ಕೂತಿರಲಿಲ್ಲ. ತಾಯಂದಿರು ಮಗುವನ್ನು ಒಳಗೆ ಕಳಿಸಿ, ಎದುರಿನ ಪಾಪ್ಲರ್ ಮರಗಳ ಹಿಂದೆ ವ್ಯಾನಿಗೆ ಕಾಯುವವರ ಹಾಗೆ ನಿಲ್ಲುತ್ತಿದ್ದರು.

ವಸಂತದಿಂದ ಮೇರಿಮ್ ಶಾಲೆಗೆ ಹೋಗಿರಲಿಲ್ಲ. ಗೇಟು ಕಂಡರೆ ಸಾಕು, ಕೈ ತಣ್ಣಗಾಗಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ದೇಹದಲ್ಲಿ ಏನೂ ದೋಷವಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. "ಗುರುವಾರ ಕರ್ಕೊಂಡು ಹೋಗೋಣ್ವಾ ಅತ್ತೆ?" ಎಂದು ಸೊಸೆ ಒಮ್ಮೆ ಬಾಯಿ ತೆರೆದಿದ್ದಳು. "ತಲೆ ಕೆಟ್ಟಿದೆ ಅಂತ ಹೆಸರಾದ್ರೆ ನಾಳೆ ಇವಳ ಕೈ ಯಾರೇ ಹಿಡೀತಾರೆ?" ಎಂದು ಉಲ್ಕಾನ್ ಆ ಬಾಯಿ ಮುಚ್ಚಿಸಿದಳು. ಬೀದಿಗೆಲ್ಲ ಕಾಮಾಲೆ ಎಂದು ಸಾರಿಬಿಟ್ಟಳು.

ಬೀದಿಯ ಕರುಣೆ ಉಕ್ಕಿ ಹರಿಯಿತು. ಕಾಮಾಲೆಯನ್ನು ಹೀರಿಕೊಳ್ಳಲೆಂದು ಪಕ್ಕದ ಮನೆಯ ಬುರುಲ್ ಹುಡುಗಿಯ ಕೊರಳಿಗೆ ತನ್ನ ಹಳದಿ ಮಣಿಸರ ಹಾಕಿ ಹೋದಳು. ಇನ್ನೊಬ್ಬರು, ಹುಡುಗಿ ನೋಡುತ್ತಾ ಕೂತರೆ ಕಾಮಾಲೆ ಮೀನಿಗೆ ಹೋಗುತ್ತದೆಂದು, ಬಕೆಟ್ಟಿನಲ್ಲಿ ಜೀವಂತ ಮೀನು ತಂದರು. ಕೊನೆಗೆ ಉಲ್ಕಾನ್ ಹಳೆಯ ಪದ್ಧತಿಗೇ ಬಂದಳು. ಏಳು ಮನೆಯ ಬಾಗಿಲಲ್ಲಿ ನಿಂತು ಮಗುವಿನ ಕಾಯಿಲೆ ಹೇಳಿ ಒಂದೊಂದು ತುಂಡು ಬಟ್ಟೆ ಬೇಡಬೇಕು. ಕೊಟ್ಟವರು ಅಂಗೈ ಬಿಡಿಸಿ ಹರಸಬೇಕು. ಆ ತುಂಡುಗಳ ಉಡುಪು ತೊಟ್ಟ ಮಗು ಚೇತರಿಸಿಕೊಳ್ಳುತ್ತದೆ. ಏಳೂ ಮನೆಯವರು ತುಂಬು ಮನಸ್ಸಿನಿಂದ ಹರಸಿದ್ದರು: ಈ ಮಗುವಿನ ಕಾಮಾಲೆ ಇಳಿಯಲಿ!

ಅಷ್ಟೂ ಹಾರೈಕೆ ಏನೂ ಆಗಿರದ ಲಿವರಿಗೆ ಹೋಗಿತ್ತು.

ಉಲ್ಕಾನ್ ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು. ಸೈಕಾಲ್ ಹತ್ತಿರ ಬಂದು, "ಯಂತ್ರ ಕೆಟ್ಟೋಯ್ತಾ ಎಜೆ?" ಎಂದಳು. ಎಜೆ ಎಂದರೆ ಅಕ್ಕ.

"ಯಂತ್ರ ನೆಟ್ಟಗಿದೆ. ನಾನೇ ಕೆಟ್ಟಿರೋದು."

ವಿಷಯ ಕೇಳಿ, ಅವಳು ಏಳೂ ಮನೆಗೆ ಮತ್ತೆ ಹೋಗಲಿದ್ದಾಳೆಂದು ತಿಳಿದ ಸೈಕಾಲ್, "ನಾನೂ ಜೊತೆಗೆ ಬರ್ಲಾ?" ಎಂದಳು.

"ಬೇಡಮ್ಮ. ಸುಳ್ಳು ಹೇಳೋಕೆ ಒಬ್ಳೇ ಹೋಗಿದ್ದೆ." ಉಲ್ಕಾನ್ ಬಗ್ಗಿ ಮೇಜಿನ ಕೆಳಗೆ ನೋಡಿದಳು. "ಇರೋ ವಿಷಯ ಹೇಳಿಬಿಡ್ಲಾ ಮಗಾ?"

ಮೇರಿಮ್ ಯೋಚಿಸಿದಳು. "ಹೇಳು. ಆದ್ರೆ ಮೀನನ್ನ ಕಾಲುವೆಗೆ ಬಿಟ್ಟಿದ್ದು ಮಾತ್ರ ಹೇಳ್ಬೇಡ."

ಬುರುಲ್ ಅಂಗಳದಲ್ಲಿ ಗಟ್ಟಿ ಮೊಸರಿನ ಉಂಡೆಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ತಾನು ಕೊಟ್ಟ ತುಂಡು, ಮೊಮ್ಮಗಳ ಜೊತೆ ಬಂದ ಉಲ್ಕಾನಳ ಕೈಯಲ್ಲಿ ಕಂಡದ್ದೇ ಹುಬ್ಬು ಏರಿಸಿದಳು.

"ವಾಪಸ್ ತಂದ್ಯಾ? ನನ್ನ ಪರದೆ ಬಟ್ಟೆ ನಿಮ್ಮ ಅಂತಸ್ತಿಗೆ ಸಾಲ್ಲಿಲ್ವೇನೇ?"

"ಬುರುಲ್, ಇವಳಿಗೆ ಕಾಮಾಲೆ ಇಲ್ಲ. ಯಾವತ್ತೂ ಇರ್ಲಿಲ್ಲ." ಉಲ್ಕಾನ್ ತುಂಡನ್ನು ಅವಳತ್ತ ಚಾಚಿದಳು. "ಶಾಲೆ ಗೇಟ್ ಕಂಡ್ರೆ ಉಸಿರು ಕಟ್ಟುತ್ತೆ. ಭಯ. ಮನಸ್ಸಿಗೆ ಹುಷಾರಿಲ್ಲ. ನಾಚಿಕೆಗೆ ಸುಳ್ಳು ಹೇಳಿದೆ ಕಣೇ."

ಬುರುಲಳ ಕೈ ಉಂಡೆಯ ಮೇಲೆಯೇ ನಿಂತಿತು. "ಹಾಗಾದ್ರೆ ನನ್ನ ಮಣಿಸರ ಆರು ತಿಂಗಳಿಂದ ಸುಮ್ನೆ ನೇತಾಡ್ತಾ ಇತ್ತು?" ಎಂದವಳೇ ಎದ್ದು ಒಳಗೆ ಹೋದಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡಳು ಉಲ್ಕಾನ್. ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬುರುಲ್ ಹೊರಬಂದಾಗ ಅವಳ ಕೈಯಲ್ಲಿ ಬಣ್ಣ ಮಾಸಿದ ಸಣ್ಣದೊಂದು ಕೆಂಪು ಅಂಗಿ ಇತ್ತು.

"ನಮ್ಮ ಹುಡುಗ ಎರ್ಕಿನಂದು. ಒಂಬತ್ತು ವರ್ಷದವನಿದ್ದಾಗ ಒಂದು ವರ್ಷ ತುಟಿ ಬಿಚ್ಚಲಿಲ್ಲ. ಕಿವಿ ಕೇಳ್ಸಲ್ಲ ಅಂತ ಹೇಳ್ಕೊಂಡು ತಿರುಗಿದ್ವಿ. ಪಾಪ, ಆ ಕಿವಿಗೆ ಬಿಟ್ಟ ಎಣ್ಣೇಲಿ ಒಂದು ಮದುವೆ ಅಡುಗೆ ಮಾಡ್ಬಹುದಿತ್ತು."

"ಟ್ಯಾಕ್ಸಿ ಹತ್ತಿದೋರ ಕಿವಿ ಮಾತಲ್ಲೇ ತೂತು ಬೀಳಿಸ್ತಾನಲ್ಲ, ಆ ಎರ್ಕಿನಾ?"

"ಅವನೇ." ಬುರುಲ್ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಗುರುವಾರ ಬರೋರು ಆಗಲೂ ಯಾರಾದ್ರೂ ಇದ್ದಿದ್ರೆ..." ಮಾತು ಅಲ್ಲಿಗೇ ಬಿಟ್ಟು, ಅಂಗಿಯ ಎದೆಯ ಭಾಗವನ್ನು ಕತ್ತರಿಸಿ ಕೊಟ್ಟಳು. ಅಂಗೈ ಬಿಡಿಸಿ ಹುಡುಗಿಯತ್ತ ನೋಡಿದಳು. "ಈ ಮಗುವಿನ ಭಯ ಇಳಿಯಲಿ."

ಆ ಮಾತನ್ನು ಹೊರಗಿನವರೊಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಉಲ್ಕಾನಳ ಎದೆಯ ಮೇಲಿನ ಭಾರ ಇಳಿಯಿತು. ಇಷ್ಟು ವರ್ಷ ಬೇಲಿಯಾಚೆ ಜಗಳಕ್ಕೆ ಮಾತ್ರ ಒದಗಿದ ಈ ಹೆಂಗಸಿನ ಋಣ ತೀರಿಸುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಮೊಸರಿನ ಉಂಡೆ ಹಿಡಿದಿದ್ದ ಆ ಒದ್ದೆ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಎಲ್ಲ ಮನೆಯೂ ಹಾಗಿರಲಿಲ್ಲ. ಒಂದು ಮನೆಯಲ್ಲಿ ತಮ್ಮ ತುಂಡನ್ನು ವಾಪಸ್ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಇನ್ನೊಂದರಲ್ಲಿ, "ನಮ್ಮವಳಿಗೂ ಹೀಗೇ. ನಾವು ಜಂತುಹುಳ ಅಂತ ಹೇಳಿದೀವಿ," ಎಂದು ಪಿಸುಗುಟ್ಟಿದರು. ಕೊನೆಗೆ ಆರು ತುಂಡಾಯಿತು. ಏಳನೆಯದನ್ನು ಸೈಕಾಲ್ ಕೊಟ್ಟಳು. ಅದು ಅವಳ ಶಾಲಾ ಉಡುಪಿನ ತೋಳು. ಎಲ್ಲರ ಹಳೆಯ ಬಟ್ಟೆಗೂ ಕತ್ತರಿ ಹಾಕಿದವಳು ಇದೊಂದನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದಳು ಎಂದು ಉಲ್ಕಾನ್ ಕೇಳಲಿಲ್ಲ.

ಗುರುವಾರ ಹೊಸ ಉಡುಪು ತೊಟ್ಟ ಮೇರಿಮ್ ಕೋಣೆಯ ಬಾಗಿಲವರೆಗೆ ಬಂದು ನಿಂತಳು. ಉಸಿರು ಸಿಕ್ಕಿಕೊಂಡಿತು. ಎದೆಯ ಮೇಲಿನ ಕೆಂಪು ತುಂಡನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ತಾನೇ ಬಾಗಿಲು ತಳ್ಳಿದಳು.

ಉಲ್ಕಾನಳ ಕಾಲುಗಳು ಪಾಪ್ಲರ್ ಮರಗಳ ಕಡೆ ತಿರುಗಿದವು. ಎರಡು ಹೆಜ್ಜೆ ಹೋದವಳು ಹಿಂದೆ ಬಂದು ನೀಲಿ ಬೆಂಚಿನ ನಡುಮಧ್ಯದಲ್ಲಿ ಕೂತಳು. ಸಂತೆಗೆ ಹೋಗುವವರು ತಿರುಗಿ ನೋಡಿದರು.

"ಸ್ವಲ್ಪ ಸರ್ಕೊಳ್ಳೇ, ಇಡೀ ಬೆಂಚು ನಿಂಗೇ ಬರ್ಕೊಟ್ಟಿದಾರಾ?"

ಬುರುಲ್ ಫ್ಲಾಸ್ಕು, ರೊಟ್ಟಿಗಳ ಸಮೇತ ಬಂದಿದ್ದಳು. ಕೂತು ಎರಡು ಬಟ್ಟಲಿಗೆ ಚಹಾ ಸುರಿದಳು. ಆಮೇಲೆ ಮರಗಳ ಹಿಂದೆ ವ್ಯಾನಿಗೆ ಕಾಯುವವಳಂತೆ ನಿಂತಿದ್ದ ಹೆಂಗಸಿನ ಕಡೆ ಒಮ್ಮೆ ನೋಡಿ, ಚೀಲದಿಂದ ಇನ್ನೊಂದು ಬಟ್ಟಲು ತೆಗೆದಳು. ಅದಕ್ಕೂ ಚಹಾ ಸುರಿದು ಬೆಂಚಿನ ಖಾಲಿ ತುದಿಯಲ್ಲಿಟ್ಟಳು.